ಕೆರೆಯ ಕಡೆ ಹೋಗಿಬಂದದ್ದು

ಸಿಂಧನೂರು

ಪರದೇಶಕ್ಕೆ ಹೋಗಿಬಂದವರು ಎತ್ತರದ ಕಟ್ಟಡಗಳ ಬಗ್ಗೆ ಬರೆಯುತ್ತಾರೆ, ಹಿಮದ ಬಗ್ಗೆ ಬರೆಯುತ್ತಾರೆ, ಅಲ್ಲಿ ಯಾರದೋ ಮನೆಯಲ್ಲಿ ಸಿಕ್ಕ ಉಪ್ಪಿಟ್ಟಿನ ಬಗ್ಗೆಯೂ ಬರೆಯುತ್ತಾರೆ. ನಾನು ಬರೆಯಬೇಕಾದದ್ದು ಹೊಲಸಿನ ಬಗ್ಗೆ. ಅದನ್ನು ನೋಡಿ ಬರಲೆಂದೇ ನನ್ನನ್ನು ಕಳಿಸಿದ್ದರು, ಅದನ್ನೇ ನೋಡಿ ಬಂದೆ. ಊಟ ಮಾಡುತ್ತ ಓದುವ ಅಭ್ಯಾಸವಿದ್ದವರು ಇದನ್ನು ಕೈ ತೊಳೆದ ಮೇಲೆ ಓದಿದರೆ ಒಳ್ಳೆಯದು.

ನಾನು ಲಿಂಗಸುಗೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ನಮ್ಮ ಕಡೆಯ ರೂಢಿಯಂತೆ ಮಕ್ಕಳು ಅಕ್ಕೋರು ಎನ್ನುತ್ತಾರೆ. ನನ್ನ ತವರು ಗೊರೇಬಾಳ, ಕಾಲುವೆ ನೀರಿಗೆ ನೆಲ್ಲು ಬೆಳೆಯುವ ಮನೆ. ಅಕ್ಕ ನೀಲವ್ವನನ್ನು ಪಕ್ಕದ ಸಿಂಧನೂರಿಗೇ ಕೊಟ್ಟಿದ್ದಾರೆ. ಹಳ್ಳದ ದಂಡೆಯ ಓಣಿಯಲ್ಲಿ ಅವಳದೊಂದು ಖಾನಾವಳಿ, ಅದರ ಹಿತ್ತಿಲಲ್ಲಿ ಒಂದು ಬಾವಿ. ಆ ಬಾವಿಯೇ ನನ್ನನ್ನು ವಿಮಾನ ಹತ್ತಿಸಿದ್ದು.

ನಮ್ಮ ಸೀಮೆಯಲ್ಲಿ ಎಲ್ಲಿ ತೋಡಿದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾಕ್ಕೆ ರುಚಿ ಹತ್ತುವುದಿಲ್ಲ, ಬಟ್ಟೆಗೆ ಎಷ್ಟು ಸಾಬೂನು ತಿಕ್ಕಿದರೂ ನೊರೆ ಬರುವುದಿಲ್ಲ. ಅಕ್ಕನ ಮಾವ ತೋಡಿಸಿದ ಆ ಬಾವಿಗೆ ಮಾತ್ರ ಸಿಹಿನೀರು ಬಿತ್ತು. ಅಂದಿನಿಂದ ಇಡೀ ಓಣಿ ಅದನ್ನೇ ಕುಡಿಯುತ್ತ ಬಂದಿದೆ. ಅಕ್ಕನನ್ನು ಜನ ಸೀನೀರ ನೀಲವ್ವ ಎಂದೇ ಕರೆಯುತ್ತಾರೆ. ಭಾವ ತೀರಿಹೋದ ಮೇಲೆ ಅವಳಿಗೆ ಊರಿನಲ್ಲಿ ಉಳಿದ ಮರ್ಯಾದೆ ಎಂದರೆ ಆ ನೀರೇ.

ಎರಡು ಮಳೆಗಾಲ ಬಿಡದೆ ಆ ಓಣಿಯಲ್ಲಿ ವಾಂತಿಭೇದಿ ಬಂತು. ಸರಕಾರಿ ದವಾಖಾನೆಯ ಕಡೆಯವರು ಬಂದು ಸೀಸೆಯಲ್ಲಿ ನೀರು ತುಂಬಿಕೊಂಡು ಹೋದರು. ಹಳ್ಳದ ಹೊಲಸು ಬಾವಿಗೆ ಬಸಿಯುತ್ತಿದೆ, ನೀರಿನಲ್ಲಿ ಮನುಷ್ಯರ ಹೊಟ್ಟೆಯ ಕ್ರಿಮಿಗಳಿವೆ, ಬಾವಿಯನ್ನು ಮುಚ್ಚಿಸಬೇಕು ಎಂದು ಹೇಳಿಕೆ ಬಂತು. ಅಕ್ಕ ಹಿರಿಯರ ಮನೆಗಳಿಗೆಲ್ಲ ಅಲೆದಾಡಿ, ಅತ್ತು, ಬೈದು, ಸುಗ್ಗಿಯವರೆಗೆ ಅದನ್ನು ತಡೆದು ನಿಲ್ಲಿಸಿದಳು.

ಸರಿಯಾಗಿ ಆಗಲೇ ನನಗೆ ಕರೆ ಬಂತು. ಅಮೆರಿಕದ ಉತ್ತರದ ಕಡೆಯ ಒಂದು ಪಟ್ಟಣದವರು ತಮ್ಮ ಕೆರೆಗೆ ಹರಿದು ಸೇರುವ ಕ್ರಿಮಿಗಳನ್ನೂ ರಂಜಕವನ್ನೂ ಕಡಿಮೆ ಮಾಡುವ ಕೆಲಸ ಹಿಡಿದಿದ್ದಾರೆ, ಅದನ್ನು ನೋಡಲು ನಮ್ಮ ಕಡೆಯ ಶಿಕ್ಷಕರಿಬ್ಬರು ಬರಬೇಕು ಎಂದು. ರಂಜಕವೆಂದರೆ ಗೊಬ್ಬರದಲ್ಲಿ, ಬಟ್ಟೆ ಪುಡಿಯಲ್ಲಿ, ಮಲದಲ್ಲಿ ಇರುವ ಸತ್ವ. ಹೊಲದಲ್ಲಿದ್ದರೆ ಬೆಳೆ ಎಬ್ಬಿಸುತ್ತದೆ, ನೀರಿಗಿಳಿದರೆ ಪಾಚಿ ಎಬ್ಬಿಸುತ್ತದೆ. ಇದನ್ನು ಅಕ್ಕನಿಗೆ ವಿವರಿಸಲು ಹೋದೆ. ಅವಳು ಅರ್ಧಕ್ಕೇ ಕೈ ಎತ್ತಿ ತಡೆದಳು.

"ಅದೆಲ್ಲ ನಂಗ ಬ್ಯಾಡ. ಅವರ ಹಂತ್ಯಾಕ ನೀರಿಗಿ ಹಾಕೋ ದವಾ ಇದ್ದೇ ಇರತೈತಿ. ನನ್ನ ಬಾವಿಗಿ ಏನು ಹಾಕಬೇಕು, ಅಷ್ಟು ಕೇಳಿಕೊಂಡು ಬಾ. ಬರೇ ನೋಡಿಕೊಂಡು ಬರಬ್ಯಾಡ" ಎಂದಳು.

ಕೇಳಿಕೊಂಡೇ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ಕಿಟಕಿಯಿಂದ ನೋಡಿದರೆ ಅಕ್ಕ ಓಣಿಯ ಹೆಂಗಸರಿಗೆಲ್ಲ ನನ್ನನ್ನು ತೋರಿಸುತ್ತ ನಿಂತಿದ್ದಳು. ದವಾ ಆಗಲೇ ಅರ್ಧ ಬಂದುಬಿಟ್ಟಿದೆ ಎನ್ನುವಂತಿತ್ತು ಅವಳ ಮುಖ.

ಕೆರೆಯೂರು, ಮೊದಲ ಬೆಳಗು

ಆ ಪಟ್ಟಣದ ಹೆಸರು ಉದ್ದವಾದದ್ದು, ನಮ್ಮ ನಾಲಿಗೆಗೆ ಬಗ್ಗುವಂಥದ್ದಲ್ಲ. ನನ್ನ ಜೊತೆ ಬಂದವರು ಮಸ್ಕಿಯ ವೀರಭದ್ರಪ್ಪ ಮಾಸ್ತರು, ಸಸ್ಯಶಾಸ್ತ್ರ ಹೇಳುವವರು, ನಿವೃತ್ತಿಗೆ ಹತ್ತಿರವಾದವರು. ಅವರು ಎರಡು ಸಲ ಆ ಹೆಸರು ಹೇಳಲು ಹೋಗಿ ಸೋತು, ಸುತ್ತಲೂ ನೀರೇ ಇದ್ದುದರಿಂದ ಕೆರೆಯೂರು ಎಂದು ನಾಮಕರಣ ಮಾಡಿ ಮುಗಿಸಿದರು. ನಾನೂ ಹಾಗೇ ಕರೆಯುತ್ತೇನೆ.

ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡವಳು ಮಾರ್ಗರೆಟ್ ಎಂಬ ಮುದುಕಿ. ದವಾಖಾನೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಒಬ್ಬಳೇ ಇರುವವಳು. ಕೆರೆಯೂರಿನ ಮೊದಲ ಬೆಳಗು, ಇನ್ನೂ ಬೆಳಕು ಪೂರ್ತಿ ಆಗಿರಲಿಲ್ಲ. ಅವಳು ಬಾಗಿಲು ತಟ್ಟಿ, ಎದ್ದಿದ್ದೀರಾ, ಕೆರೆಯ ಕಡೆ ಹೋಗಿ ಬರೋಣವೇ ಎಂದು ಕೇಳಿದಳು.

ನಮ್ಮ ಕಡೆಯ ಓದುಗರಿಗೆ ಇಲ್ಲಿ ಏನೂ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಬೆಳಗಾಗುತ್ತಲೇ ಮನುಷ್ಯ ಕೆರೆಯ ಕಡೆ ಹೋಗುತ್ತಾನೆ, ಇಲ್ಲವೇ ಹಳ್ಳದ ಕಡೆ ಹೋಗುತ್ತಾನೆ. ಅವನ ಕೈಯಲ್ಲಿ ಚರಗಿ, ಎಂದರೆ ನೀರಿನ ಚೆಂಬು, ಇರುತ್ತದೆ. ಯಾತಕ್ಕೆ ಹೋದ ಎಂದು ಯಾರೂ ಕೇಳುವುದಿಲ್ಲ, ಆ ಮಾತಿನಲ್ಲೇ ಎಲ್ಲ ಬಂತು.

ವೀರಭದ್ರಪ್ಪನವರ ಮುಖ ಕೆಂಪಾಯಿತು. ನನ್ನ ಕಡೆ ಬಗ್ಗಿ, "ಅಕ್ಕೋರ, ಈ ಮುದುಕಿ ನಮ್ಮನ್ನ ಕೆರಿ ಕಡಿ ಕರಿಯಾಕತ್ತಾಳಲ್ರಿ. ಮನ್ಯಾಗ ಎಲ್ಲಾ ವ್ಯವಸ್ಥಾ ಐತಿ ಅಂದಿದ್ರು" ಎಂದರು. ಅವರು ಹೇಳಿದ್ದು ತಪ್ಪು ಎಂದು ನನಗೆ ಗೊತ್ತಿತ್ತು, ಆದರೂ ಒಂದು ಕ್ಷಣ ನನಗೂ ಅದೇ ಅರ್ಥ ಹೊಳೆದಿತ್ತು. ನಾನು ಸಮಾಧಾನ ಹೇಳುವಷ್ಟರಲ್ಲಿ ಅವರು ಪೆಟ್ಟಿಗೆಯಿಂದ ತಾಮ್ರದ ಚರಗಿ ತೆಗೆದುಕೊಂಡು ಹೊರಟೇಬಿಟ್ಟರು. ಪರದೇಶದಲ್ಲಿ ಮನೆಯೊಡತಿಯ ಮಾತು ಮೀರಬಾರದಂತೆ.

ದಂಡೆಯಲ್ಲಿ ಮಾರ್ಗರೆಟ್ ಸೂರ್ಯ ಹುಟ್ಟುವುದನ್ನು ನೋಡುತ್ತ ನಿಂತಳು. ಇವರು ಮರೆ ಹುಡುಕುತ್ತ ನಿಂತರು. ಆಗ ಅವಳ ಕಣ್ಣು ಚರಗಿಯ ಮೇಲೆ ಬಿತ್ತು. ನೀರಿನ ಮಾದರಿ ತೆಗೆಯಲು ತಮ್ಮೂರಿನಿಂದಲೇ ಪಾತ್ರೆ ತಂದಿದ್ದಾರೆ ಎಂದು ತಿಳಿದು ಅವಳಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅವಳ ಎದುರು ಮಾಸ್ತರು ಬಗ್ಗಿ, ಚರಗಿಯ ತುಂಬ ಕೆರೆಯ ನೀರು ತುಂಬಿಕೊಂಡು, ಅದನ್ನು ಎರಡೂ ಕೈಯಲ್ಲಿ ಹಿಡಿದು ಮನೆಯವರೆಗೆ ನಡೆಯಬೇಕಾಯಿತು. ನಾನು ಸೆರಗು ಬಾಯಿಗೆ ಅದುಮಿಕೊಂಡು ಹಿಂದೆ ಬಂದೆ. ಆ ಪ್ರವಾಸದಲ್ಲಿ ಹೊಟ್ಟೆ ತುಂಬ ನಕ್ಕದ್ದು ಅದೊಂದೇ ದಿನ.

ನಾಯಿಯ ಹಿಂದೆ

ಕೆರೆಯೂರಿನಲ್ಲಿ ನಾಯಿ ಮುಂದೆ ಹೋಗುತ್ತದೆ, ಮನುಷ್ಯ ಹಿಂದೆ ಹೋಗುತ್ತಾನೆ. ನಾಯಿ ಎಲ್ಲಿ ಕುಳಿತೆದ್ದರೂ ಅವನು ಬಗ್ಗಿ, ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ಅದನ್ನು ಎತ್ತಿ, ಗಂಟು ಹಾಕಿ, ಹಣ್ಣು ಕೊಂಡಂತೆ ಹಿಡಿದುಕೊಂಡು ನಡೆಯುತ್ತಾನೆ. ಮೊದಲ ಸಲ ನೋಡಿದಾಗ ವೀರಭದ್ರಪ್ಪನವರು ರಸ್ತೆಯ ಆಚೆ ಬದಿಗೆ ದಾಟಿದರು. ಟೈ ಕಟ್ಟಿದವನೊಬ್ಬ ಹಾಗೆ ಎತ್ತಿಕೊಂಡು ನಮಗೆ ನಮಸ್ಕಾರ ಹೇಳಿದ.

ಬಿಟ್ಟರೆ ಅದು ಮಳೆನೀರಿನ ಜೊತೆ ಕೆರೆಗೆ ಹೋಗುತ್ತದೆ, ಅದರ ಕ್ರಿಮಿಗಳೂ ಹೋಗುತ್ತವೆ ಎಂದು ಮಾರ್ಗರೆಟ್ ಹೇಳಿದಳು. ಮಾಸ್ತರು ಮೂಗು ಮುರಿದರು. ನನಗೆ ನಮ್ಮೂರು ನೆನಪಾಯಿತು. ಇಲ್ಲಿ ಟೈ ಕಟ್ಟಿದವನು ತನ್ನ ನಾಯಿಯದನ್ನು ತಾನೇ ಎತ್ತುತ್ತಾನೆ. ನಮ್ಮಲ್ಲಿ ಮನುಷ್ಯರದನ್ನು ಯಾವ ಓಣಿಯವರು ಎತ್ತಬೇಕು ಎಂದು ಅವರು ಹುಟ್ಟುವ ಮೊದಲೇ ಗೊತ್ತುಮಾಡಿ, ಉಳಿದದ್ದನ್ನು ಹಳ್ಳಕ್ಕೆ ಬಿಟ್ಟಿದ್ದೇವೆ.

ಅವರ ಜಾಗ್ರತೆ ಒಂದೆರಡಲ್ಲ. ರಸ್ತೆಯ ಅಂಚಿನಲ್ಲಿ ಮಳೆನೀರು ಇಳಿಯುವ ಕಿಂಡಿಗಳ ಪಕ್ಕ ಮೀನಿನ ಚಿತ್ರ ಬರೆದಿದ್ದರು, ಇಲ್ಲಿ ಚೆಲ್ಲಿದ್ದು ನೇರ ಕೆರೆಗೆ ಹೋಗುತ್ತದೆ ಎಂದು ತಿಳಿಸಲು. ಮರದ ಎಲೆ ಉದುರಿದರೆ ಮಳೆಗೆ ಮುಂಚೆ ಗುಡಿಸಿ ತೆಗೆಯುತ್ತಿದ್ದರು. ಎಲೆಯ ಮೇಲೆ ನೀರು ನಿಂತರೆ ಚಹಾದ ಪುಡಿಯಿಂದ ಬಣ್ಣ ಬಿಟ್ಟಂತೆ ಅದರ ರಂಜಕವೆಲ್ಲ ಬಿಡುತ್ತದಂತೆ. ಬಟ್ಟೆ ಒಗೆಯುವ ಪುಡಿಯಲ್ಲೂ ರಂಜಕ ಇರಕೂಡದು. ಮಾರ್ಗರೆಟ್ ತನ್ನ ಅಂಗಳದ ಹುಲ್ಲಿಗೆ ಗೊಬ್ಬರ ಹಾಕುವುದನ್ನೇ ಬಿಟ್ಟಿದ್ದಳು. ಅವಳ ಹುಲ್ಲು ನೆರೆಯವರದಕ್ಕಿಂತ ಹಳದಿಯಾಗಿತ್ತು, ಅದನ್ನು ಅವಳು ಹೆಮ್ಮೆಯಿಂದ ತೋರಿಸಿದಳು. ಎಲೆಗೂ ಹೆದರುವ ಜನ ನನ್ನ ಬಾವಿಗೆ ಒಂದು ದಾರಿ ಹೇಳದೆ ಇರುತ್ತಾರೆಯೇ ಎಂದುಕೊಂಡೆ. ಅಂದು ಅಕ್ಕನಿಗೆ ಕಾಗದ ಬರೆದು, ಧೈರ್ಯವಾಗಿರು ಎಂದೆ.

ಕೆರೆಯ ನಡುವೆ

ಆ ಕೆಲಸದ ಹಿರಿಯ ಪೀಟರ್ ಎಂಬ ಗಡ್ಡದ ಮನುಷ್ಯ. ಹೆಚ್ಚು ಮಾತಿಲ್ಲ, ನಗು ಇನ್ನೂ ಕಡಿಮೆ. ನಮ್ಮನ್ನು ದೋಣಿಯಲ್ಲಿ ಕೂಡಿಸಿಕೊಂಡು ಕೆರೆಯ ನಡುವೆ ಹೋದ. ದಂಡೆಯಿಂದ ನೀಲಿಯಾಗಿ ಕಂಡ ನೀರು ಅಲ್ಲಿ ಹಸಿ ಬಟಾಣಿ ಅರೆದು ಕಲಸಿದ ಹಾಗಿತ್ತು. ವಾಸನೆಯೂ ಇತ್ತು, ಗೊರೇಬಾಳದ ಗದ್ದೆಗಳ ಹಿಂದಿನ ಬಸಿಗಾಲುವೆಯಲ್ಲಿ ಬೇಸಿಗೆಯಲ್ಲಿ ಏಳುವ ಅದೇ ವಾಸನೆ.

ಪೀಟರ್ ಉದ್ದನೆಯ ಪಾರದರ್ಶಕ ಕೊಳವೆಯೊಂದನ್ನು ತಳಕ್ಕೆ ಇಳಿಸಿ ಮೇಲೆ ಎಳೆದ. ಅದರ ತುಂಬ ಕಪ್ಪು ಕೆಸರು. ಅದನ್ನು ನಮ್ಮ ಮುಂದೆ ಹಿಡಿದು ಅವನು ಹೇಳಿದ್ದರ ಸಾರ ಇಷ್ಟು. ಊರಿನವರು ಹಿಂದೆ ಚರಂಡಿಯನ್ನು ಇಲ್ಲಿಗೇ ಬಿಡುತ್ತಿದ್ದರು. ಆ ಚರಂಡಿಯ ಕೊಳವೆಯನ್ನು ಬೇರೆ ಕಡೆ ತಿರುಗಿಸಿ ಒಂದು ತಲೆಮಾರು ಕಳೆದಿದೆ. ಅಂದು ಇಳಿದ ರಂಜಕವೆಲ್ಲ ಈ ಕೆಸರಿನಲ್ಲಿ ಕುಳಿತಿದೆ. ಬೇಸಿಗೆಯಲ್ಲಿ ತಳದ ನೀರಿಗೆ ಗಾಳಿ ಸಾಲದೆ ಹೋದಾಗ ಅದು ಬಿಡುಗಡೆಯಾಗಿ ಮತ್ತೆ ಮೇಲೇಳುತ್ತದೆ. ನಾಳೆಯಿಂದ ಒಂದು ಕಾಳು ರಂಜಕವೂ ಕೆರೆಗೆ ಬರದಿದ್ದರೂ ಈ ಕೆಸರು ನಮ್ಮ ಮೊಮ್ಮಕ್ಕಳ ಕಾಲದವರೆಗೆ ಪಾಚಿಗೆ ಉಣಿಸುತ್ತಲೇ ಇರುತ್ತದೆ.

ಹಾಗಾದರೆ ಈ ಎಲೆ ಗುಡಿಸುವುದು, ನಾಯಿಯ ಹಿಂದೆ ನಡೆಯುವುದು ಯಾತಕ್ಕೆ ಎಂದು ನಾನು ಕೇಳಿದೆ. ಇದಕ್ಕಿಂತ ಹೆಚ್ಚು ಕೆಡದಿರಲಿ ಎಂದಷ್ಟೇ ಹೇಳಿದ. ಇವರು ಗೆದ್ದಿದ್ದಾರೆ ಎಂದುಕೊಂಡು ನಾನು ಬಂದಿದ್ದೆ. ಇವರು ಸೋಲನ್ನು ಮುಂದೂಡುತ್ತಿದ್ದರು.

ಮಳೆಯ ಮರುದಿನ

ಒಂದು ದಿನ ಇಡೀ ಮಳೆ ಹೊಯ್ಯಿತು. ಮರುದಿನ ಮಾರ್ಗರೆಟ್ ನಮ್ಮನ್ನು ಜನ ಈಜುವ ದಂಡೆಗೆ ಕರೆದೊಯ್ದಳು. ಬಿಸಿಲು ಚೆನ್ನಾಗಿತ್ತು, ಮರಳಿನ ಮೇಲೆ ಒಬ್ಬರೂ ಇರಲಿಲ್ಲ. ನೀರಿನಲ್ಲಿ ಕ್ರಿಮಿಗಳು ಹೆಚ್ಚಾಗಿವೆ, ಇಳಿಯಬಾರದು ಎಂಬ ಫಲಕ ನೆಟ್ಟಿದ್ದರು. ಊರಿನ ರಸ್ತೆ, ಅಂಗಳ, ಸಂದುಗೊಂದಿಗಳನ್ನೆಲ್ಲ ತೊಳೆದ ನೀರು ಬಂದು ಸೇರಿತ್ತು. ಹುಡುಗಿಯಾಗಿದ್ದಾಗ ತಾನು ಇಲ್ಲಿಂದ ಆಚೆ ದಡಕ್ಕೆ ಈಜುತ್ತಿದ್ದೆ ಎಂದು ಮಾರ್ಗರೆಟ್ ಕೈ ಚಾಚಿ ತೋರಿಸಿದಳು. ಇಷ್ಟು ವರ್ಷ ಹೇಳಿದ್ದನ್ನೆಲ್ಲ ಮಾಡಿದೆ, ಸಾಯುವ ಮುನ್ನ ಒಂದು ಸಲ ಈಜಬೇಕು ಎಂದಿತ್ತು, ಈಗ ತೋಳಿನಲ್ಲಿ ಶಕ್ತಿಯೂ ಹೋಯಿತು ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ತನ್ನ ನೀರು ತನಗೆ ಮರಳಿ ಬೇಕು ಎಂಬ ಒಂದೇ ಮಾತನ್ನು ಅಕ್ಕನೂ ಅವಳೂ ಆಡುತ್ತಿದ್ದಾರೆ ಎನ್ನಿಸಿತು.

ಅಂದೇ ನಾನು ಪೀಟರ್‌ನ ಎದುರು ಕುಳಿತು ಬಾವಿಯ ವಿಷಯ ತೆಗೆದೆ. ಅವನು ಒಂದೊಂದೇ ಕೇಳುತ್ತ ಹೋದ. ಹಳ್ಳ ಬಾವಿಗೆ ಎಷ್ಟು ಹತ್ತಿರ? ಹಿತ್ತಿಲಿಗೆ ಅಂಟಿಕೊಂಡೇ ಇದೆ. ಮಣ್ಣು ಎಂಥದು? ಎರೆಮಣ್ಣು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಹಳ್ಳಕ್ಕೆ ಮನುಷ್ಯರ ಹೊಲಸು ಹೇಗೆ ಸೇರುತ್ತದೆ, ಯಾವ ಕೊಳವೆಯಿಂದ?

ಕೊಳವೆ ಇಲ್ಲ ಎಂದೆ. ಮತ್ತೆ ಹೇಗೆ ಎಂದ. ವೀರಭದ್ರಪ್ಪನವರು ನೆಲ ನೋಡಿದರು. ಮೊದಲ ಬೆಳಗಿನ ಚರಗಿಯ ಸಂಗತಿಯನ್ನು ನಾನೇ ಬಿಡಿಸಿ ಹೇಳಿದೆ. ನಮ್ಮ ಮಾತಿನಲ್ಲಿ ಆ ಕೆಲಸದ ಹೆಸರೇ ಹಳ್ಳದ ಕಡೆ ಹೋಗುವುದು, ಇಡೀ ಊರು ದಿನಾ ಬೆಳಿಗ್ಗೆ ಹೋಗುತ್ತದೆ, ನಾನೂ ಹುಡುಗಿಯಾಗಿದ್ದಾಗ ಹೋಗಿದ್ದೇನೆ ಎಂದೆ. ಪೀಟರ್ ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಕೊಳವೆಯಾದರೆ ತಿರುಗಿಸಬಹುದು, ನಾವು ತಿರುಗಿಸಿದೆವು, ತಿರುಗಿಸಿಯೂ ಹೀಗಿದೆ ಎಂದು ಕಿಟಕಿಯ ಆಚೆಯ ಕೆರೆ ತೋರಿಸಿದ.

ಬ್ಲೀಚಿಂಗ್ ಪುಡಿ ಹಾಕಿದರೆ ಎಂದೆ. ಇವತ್ತು ಬಂದ ಕ್ರಿಮಿ ಸಾಯುತ್ತದೆ, ನಾಳೆ ಹಳ್ಳ ಮತ್ತೆ ಬಸಿಯುತ್ತದೆ, ಹಾಕುವವರು ಒಂದು ದಿನ ಮರೆತರೆ ಬೇನೆ ಬರಲು ಆ ಒಂದು ದಿನವೇ ಸಾಕು ಎಂದ. ಮನೆಮನೆಗೆ ಪಾಯಿಖಾನೆ ಗುಂಡಿ ತೋಡಿದರೆ ಎಂದೆ. ಆ ಮಣ್ಣಿನಲ್ಲಿ, ಬಾವಿಯ ಅಷ್ಟು ಹತ್ತಿರ ತೋಡಿದರೆ ಗುಂಡಿಯೇ ಬಾವಿಗೆ ಬಸಿಯುತ್ತದೆ ಎಂದ. ಕಾಯಿಸಿ ಕುಡಿದರೆ ಎಂದೆ. ಕುಡಿಯಬಹುದು, ಇಡೀ ಓಣಿ ಪ್ರತಿ ಗುಟುಕನ್ನೂ ಕಾಯಿಸುತ್ತದೆಯೇ ಎಂದು ಕೇಳಿದ. ಅಡುಗೆಗೇ ಕಟ್ಟಿಗೆ ಸಾಲದ ಓಣಿ ಅದು.

ಕೊನೆಗೆ ಅವನು, ನಿಮ್ಮ ಅಕ್ಕನ ಜಾಗದಲ್ಲಿ ನಾನಿದ್ದರೆ ಬಾವಿ ಮುಚ್ಚುತ್ತಿದ್ದೆ ಎಂದ.

ನನಗೆ ಅವನ ಮೇಲೆ ಬಹಳ ಸಿಟ್ಟು ಬಂತು. ಇದೇ ಮಾತನ್ನು ಸಿಂಧನೂರಿನಲ್ಲಿ ಸೀಸೆ ತುಂಬಿಕೊಂಡು ಹೋದವರೂ ಹೇಳಿದ್ದರು. ಅದನ್ನು ಕೇಳಲು ಇಷ್ಟು ಸಮುದ್ರ ದಾಟಬೇಕಿತ್ತೇ? ದಾರಿಯಲ್ಲಿ ವೀರಭದ್ರಪ್ಪನವರು, ಅವ ಅಂದದ್ದು ಖರೆ ಐತ್ರಿ ಎಂದರು. ಖರೆ ಇದ್ದದ್ದಕ್ಕೇ ನನಗೆ ಸಿಟ್ಟು ಬಂದಿತ್ತು.

ಗೊರೇಬಾಳ

ಊರಿಗೆ ಬಂದವಳು ಸಿಂಧನೂರಿನಲ್ಲಿ ಇಳಿಯುವ ಧೈರ್ಯವಾಗದೆ ಮೊದಲು ತವರಿಗೆ ಹೋದೆ. ತಮ್ಮ ಈರಣ್ಣ ಗದ್ದೆಯಲ್ಲಿದ್ದ. ನೀರು ನಿಂತ ಮಡಿಗಳಲ್ಲಿ ಸರಕಾರಿ ಗೊಬ್ಬರ ಎರಚುತ್ತಿದ್ದ. ನಮ್ಮ ಕಡೆ ಅಂಗಡಿಯ ಚೀಲದ ಗೊಬ್ಬರಕ್ಕೆಲ್ಲ ಅದೇ ಹೆಸರು. ಕಾಳುಗಳು ಅವನ ಮುಷ್ಟಿಯಿಂದ ಚೆಂದವಾಗಿ ಹಾರಿ ನೀರಿಗೆ ಬೀಳುತ್ತಿದ್ದವು. ಆ ನೀರು ಬದುವಿನ ಕಿಂಡಿಯಿಂದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತಿತ್ತು. ಚಿಕ್ಕಂದಿನಿಂದ ಕಂಡದ್ದೇ, ಆದರೆ ಅಂದು ನಾನು ಆ ಕಿಂಡಿಯ ಮುಂದೆ ನಿಂತು ಕದಲಲಿಲ್ಲ.

ಕೆರೆಯೂರಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಗೊಬ್ಬರ ಹಾಕಿದ ಮೇಲೆ ನಾಲ್ಕು ದಿನ ಕಿಂಡಿ ಕಟ್ಟು, ಅರ್ಧ ಕಡಿಮೆ ಹಾಕು ಎಂದೆ. ಅವನು ಗೌರವದಿಂದಲೇ ಕೇಳಿದ, ಕೈ ಮಾತ್ರ ನಿಲ್ಲಿಸಲಿಲ್ಲ.

"ನಾ ಒಬ್ಬಾವ ಕಮ್ಮಿ ಹಾಕಿದ್ರ ಬಾಜೂ ಹೊಲದ ನೆಲ್ಲು ಎದ್ದು ನಿಂತಿರತೈತಿ, ನಂದು ಕುಂತಿರತೈತಿ. ಹಳ್ಳ ಏನು ನಂದೊಬ್ಬಂದ ಏನಕ್ಕಾ?" ಎಂದ.

ಮಾರ್ಗರೆಟ್‌ಳ ಹಳದಿ ಹುಲ್ಲಿನ ಕಥೆ ಹೇಳಿದರೆ ಅವನು ನಕ್ಕಾನು ಎಂದು ಹೇಳಲಿಲ್ಲ. ಅವಳು ಹುಲ್ಲು ಉಣ್ಣುವುದಿಲ್ಲ, ನಾವು ನೆಲ್ಲು ಉಣ್ಣುತ್ತೇವೆ.

ಮತ್ತೆ ಸಿಂಧನೂರು

ಅಕ್ಕ ಓಣಿಯ ಹೆಂಗಸರನ್ನು ಮೊದಲೇ ಕೂಡಿಸಿಕೊಂಡು ಕುಳಿತಿದ್ದಳು. ನಾನು ಎಲ್ಲರ ಎದುರೇ ಹೇಳಿದೆ. ಹಳ್ಳದ ಕಡೆ ಹೋಗುವುದನ್ನು ನಾವು ಬಿಡಬೇಕು ಎಂದೆ. ಒಬ್ಬಾಕೆ ಮೆಲ್ಲಗೆ, ಮತ್ತ ಯಾವ ಕಡಿ ಹೋಗೂಣ್ರಿ ಎಂದಳು. ಮನೆಗಳಿಗೇ ಜಾಗವಿಲ್ಲದ ಓಣಿ ಅದು, ಪಾಯಿಖಾನೆಗೆ ಜಾಗ ಎಲ್ಲಿಂದ ತರಬೇಕು? ಕೊನೆಗೆ, ನೀರಿಗೆ ದವಾ ಇಲ್ಲ, ಬಾವಿ ಮುಚ್ಚುವುದೇ ಸರಿ ಎಂದೆ. ಅಕ್ಕ ಎದ್ದು ಒಳಗೆ ಹೋದಳು. ನನಗೆ ಊಟಕ್ಕೆ ಬಡಿಸಿಟ್ಟು ಹಿತ್ತಿಲಿಗೆ ಹೋದಳು.

ಅಮೆರಿಕಕ್ಕೆ ಹೋಗಿಬಂದವಳೇ ಮುಚ್ಚು ಎಂದ ಮೇಲೆ ಅಕ್ಕನ ಪರವಾಗಿ ನಿಂತಿದ್ದ ಹಿರಿಯರೂ ಹಿಂದೆ ಸರಿದರು. ಸುಗ್ಗಿಯವರೆಗೂ ಕಾಯಲಿಲ್ಲ. ಮೊರಂ ಮಣ್ಣು ತುಂಬಿದ ಟ್ರಾಕ್ಟರ್ ಬಂತು. ಆಳುಗಳು ಬುಟ್ಟಿ ತುಂಬಿಕೊಂಡು ಬಾವಿಯ ಸುತ್ತ ನಿಂತರು, ಆದರೆ ಯಾರೂ ಸುರಿಯಲಿಲ್ಲ. ನೀರಿರುವ ಬಾವಿಗೆ ಹೊರಗಿನವರು ಮೊದಲ ಮಣ್ಣು ಹಾಕುವುದಿಲ್ಲವಂತೆ. ಅದರ ಪಾಪ ಮನೆಯವರೇ ಹೊರಬೇಕು, ಆಮೇಲೆ ಉಳಿದದ್ದು ಬರೀ ಕೂಲಿ. ಮೇಸ್ತ್ರಿ ಅಕ್ಕನ ಮುಂದೆ ಬುಟ್ಟಿ ಇಟ್ಟು ಕೈ ಮುಗಿದ.

"ನಾ ಹಾಕಂಗಿಲ್ಲ. ಮುಚ್ಚಂತ ಹೇಳಿದಾಕಿ ಇಲ್ಲೇ ಅದಾಳ, ಆಕಿ ಹಾಕಲಿ" ಎಂದಳು ಅಕ್ಕ.

ನಾನು ಬುಟ್ಟಿ ಎತ್ತಿದೆ. ತಡಿ ಎಂದಳು. ರಾಟೆಗೆ ಹಗ್ಗ ಹಾಕಿ, ಒಂದು ಕೊಡ ಸೇದಿ, ಅದರಿಂದ ಒಂದು ಲೋಟ ತುಂಬಿ ನನ್ನ ಮುಂದೆ ಹಿಡಿದಳು. "ಹೈಸ್ಕೂಲು ಓದಾಕ ನನ್ನ ಮನ್ಯಾಗ ಇದ್ದಾಗ ಇದನ್ನ ಕುಡದು ದೊಡ್ಡಾಕಿ ಆದಿ. ಕುಡದು ಹಾಕು."

ಬುಟ್ಟಿ ಕೆಳಗಿಟ್ಟು ಲೋಟ ತೆಗೆದುಕೊಂಡೆ. ನೀರು ತಿಳಿಯಾಗಿತ್ತು, ತಣ್ಣಗಿತ್ತು. ಒಂದು ಗುಟುಕಿಗೆ ನಾನು ಸಾಯುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು. ತುಟಿಯವರೆಗೆ ತಂದೆ. ಅದರೊಳಗೆ ಏನಿದೆ ಎಂದು ತಿಳಿದವಳಿಗೆ ಬಾಯಿ ತೆರೆಯಲಾಗಲಿಲ್ಲ. ಓಣಿಯೆಲ್ಲ ನೋಡುತ್ತಿತ್ತು. ಅಕ್ಕ ಕಾದಳು, ಆಮೇಲೆ ನನ್ನ ಕೈಯಿಂದ ಲೋಟ ತೆಗೆದುಕೊಂಡು ಅಷ್ಟನ್ನೂ ತಾನೇ ಕುಡಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಈಗ ಹಾಕು" ಎಂದಳು.

ಹಾಕಿದೆ. ಮಣ್ಣು ನೀರಿಗೆ ಬಿದ್ದ ಸಪ್ಪಳಕ್ಕೆ ಓಣಿಯ ಹೆಂಗಸರು ಅತ್ತರು. ಅಕ್ಕ ಅಳಲಿಲ್ಲ, ಒಳಗೆ ಹೋಗಿ ಒಲೆ ಹೊತ್ತಿಸಿದಳು. ಅವಳು ಈಗಲೂ ಹಬ್ಬಕ್ಕೆ ಲಿಂಗಸುಗೂರಿಗೆ ಬರುತ್ತಾಳೆ, ನನ್ನ ಮಕ್ಕಳನ್ನು ಮಾತಾಡಿಸುತ್ತಾಳೆ, ಸಂಜೆಯ ಬಸ್ಸಿಗೆ ಹೊರಡುತ್ತಾಳೆ. ನನ್ನ ಮನೆಯಲ್ಲಿ ಮಾತ್ರ ಒಂದು ಗುಟುಕು ನೀರು ಕುಡಿದಿಲ್ಲ.